ಆಪ್ತಸಲಹೆ ಪ್ರಕರಣ: ದೊಡ್ಡ ಟೇಬಲ್‌ನಲ್ಲಿ ಕೈ ನಡುಗಿದ್ದೇಕೆ?

(ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ವಿನಯ್‌ಗೆ ಮೂವತ್ತು ದಾಟಿದೆ. ಹಾಸನದ ಕಡೆಯವರು. ಈಗ ಹೆಂಡತಿ ಪಲ್ಲವಿಯ ಜೊತೆ ಇಂಗ್ಲೆಂಡಿನಲ್ಲಿದ್ದಾರೆ. ಒಳ್ಳೆ ಕೆಲಸ, ಸಾಲ ಇಲ್ಲ. ವಿಡಿಯೊ ಕಾಲ್‌ನಲ್ಲಿ ಕೂತವರೇ, "ಮೇಡಂ, ಆಟ ಗೊತ್ತು, ಧೈರ್ಯ ಸಾಲ್ತಿಲ್ಲ. ಅದೊಂದು ಸರಿ ಮಾಡಿಕೊಡಿ" ಅಂದರು.

ಆಟ ಅಂದರೆ ಆನ್‌ಲೈನ್ ಪೋಕರ್, ಹಣ ಕಟ್ಟಿ ಆಡುವ ಇಸ್ಪೀಟಾಟ. ಅವರಿರುವ ಕಡೆ ಅದಕ್ಕೆ ಲೈಸೆನ್ಸ್ ಇದೆ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಊರಿಗೆ ಬಂದಾಗ ಆ್ಯಪ್ ಮುಟ್ಟಬೇಡಿ ಅಂತ ಅವರಿಗೆ ಮೊದಲೇ ಹೇಳಿದೆ.

ಅವರು ಬಹಳ ಕಾಲ ಆಡಿದ್ದು 25-50 ಪೆನ್ಸ್ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಇಡಬೇಕಾದ ಪಣ) ಇರುವ ಟೇಬಲ್‌ನಲ್ಲಿ. ಅಲ್ಲಿ ಕೂರಲು 50 ಪೌಂಡ್ ಬೇಕು. ನಿಧಾನವಾಗಿ ಲಾಭ ಬರುತ್ತಿತ್ತು. ಖಾತೆ 2,000 ಪೌಂಡ್ ಮುಟ್ಟಿದಾಗ, ನಡುವಿನ ಮೆಟ್ಟಿಲು ಬಿಟ್ಟು ನೇರ 1-2 ಪೌಂಡ್ ಟೇಬಲ್‌ಗೆ ಹೋದರು. ಅಲ್ಲಿ ಕೂರಲು 200 ಪೌಂಡ್. ಅದೇ ದುಡ್ಡು ಹಳೇ ಟೇಬಲ್‌ನಲ್ಲಿ ನಲವತ್ತು ಸಲ ಕೂರಲು ಸಾಕಿತ್ತು. ಇಲ್ಲಿ ಹತ್ತೇ ಸಲ.

ಅಲ್ಲಿಂದ ಆಟ ಕೆಟ್ಟಿತು. ಬ್ಲಫ್ ಮಾಡಬೇಕಾದ ಕಡೆ, ಅಂದರೆ ಕೆಟ್ಟ ಎಲೆಯಲ್ಲೂ ಧೈರ್ಯವಾಗಿ ಪಣ ಒಡ್ಡಬೇಕಾದ ಕಡೆ, ಫೋಲ್ಡ್ ಮಾಡಿ ಎಲೆ ಬಿಟ್ಟರು. ಬಿಡಬೇಕಾದ ಕಡೆ ಹಟ ಹಿಡಿದು ಕಾಲ್ ಮಾಡಿ, ಎದುರಿನವನಷ್ಟೇ ದುಡ್ಡು ಹಾಕಿದರು. ಒಂದು ರಾತ್ರಿ ಎರಡು ಎಕ್ಕ, ಅಂದರೆ ಶುರುವಿನಲ್ಲಿ ಸಿಗಬಹುದಾದ ಅತಿ ಒಳ್ಳೆ ಎಲೆ, ಇಟ್ಟುಕೊಂಡು ಆಲ್-ಇನ್ ಹೋದರು, ಎದುರಿಗಿದ್ದ ದುಡ್ಡನ್ನೆಲ್ಲ ಒಡ್ಡಿದರು. ಎದುರಿನವನ ಕೈಯಲ್ಲಿ ಎರಡು ರಾಜ. ಕೊನೇ ಎಲೆ ಇನ್ನೊಂದು ರಾಜ! ಮೂರು ರಾಜ ಎರಡು ಎಕ್ಕವನ್ನು ಸೋಲಿಸುತ್ತೆ. "ಐದು ಸಲಕ್ಕೆ ಹೆಚ್ಚುಕಡಿಮೆ ಒಂದು ಸಲ ಹೀಗಾಗುತ್ತೆ ಮೇಡಂ, ಲೆಕ್ಕ ನಂಗೆ ಬಾಯಿಪಾಠ" ಅಂದರು. ಅಷ್ಟು ಗೊತ್ತಿದ್ದೂ ಅವತ್ತು ಬೆಳಗಿನ ಜಾವದ ತನಕ ಇನ್ನೆರಡು ಟೇಬಲ್ ತೆರೆದು ಕೂತಿದ್ದರು. ಆಟಗಾರರು ಇದಕ್ಕೆ ಟಿಲ್ಟ್ ಅನ್ನುತ್ತಾರೆ. ಲೆಕ್ಕ ಗೊತ್ತಿದ್ದವರು ಟಿಲ್ಟ್ ಆಗಲ್ಲ ಅಂತೇನಿಲ್ಲ. ಗೆದ್ದ ಖುಷಿಗಿಂತ ಸೋತ ನೋವು ನಮಗೆ ತುಂಬ ಜಾಸ್ತಿ ತಾಗುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ತೋರಿಸಿದ್ದರು.

"ಆ 200 ಪೌಂಡ್ ಹೋದಾಗ ತಲೆಗೆ ಮೊದಲು ಏನು ಬಂತು?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಪ್ಪನ ಪಿಂಚಣಿ ಮೇಡಂ. ತಿಂಗಳಿಗೆ ಅಷ್ಟೇ ಬರೋದು."

200 ಪೌಂಡ್ ಅಂದರೆ ಇಪ್ಪತ್ತು ಸಾವಿರ ರೂಪಾಯಿಗೂ ಜಾಸ್ತಿ. ಸಣ್ಣ ಟೇಬಲ್‌ನಲ್ಲಿ ಅವರು ಯಾವತ್ತೂ ರೂಪಾಯಿ ಲೆಕ್ಕ ಹಾಕಿರಲಿಲ್ಲ. ಇಲ್ಲಿ ಪ್ರತಿ ಬೆಟ್‌ಗೂ ಹಾಕುತ್ತಿದ್ದರು. ಚಿಪ್ಸ್ ಬದಲು ಅಪ್ಪನೇ ಕಾಣುತ್ತಿದ್ದರೆ ಬ್ಲಫ್ ಮಾಡಲು ಯಾರಿಗಾದರೂ ಕೈ ಬರುತ್ತದಾ?

ಆ ನಡುಕವನ್ನು ಓಡಿಸುವುದು ನನ್ನ ಕೆಲಸ ಅಂತ ನನಗೆ ಅನ್ನಿಸಲಿಲ್ಲ. ಅದು ಸರಿಯಾದದ್ದನ್ನೇ ಹೇಳುತ್ತಿತ್ತು: ಈ ಮೊತ್ತ ನಿಮಗಿನ್ನೂ ಆಟದ ದುಡ್ಡಾಗಿಲ್ಲ. ಉಸಿರಾಟದ ಅಭ್ಯಾಸ ಕಲಿಸಿ ವಾಪಸ್ ಅದೇ ಟೇಬಲ್‌ಗೆ ಕಳಿಸಿದ್ದರೆ, ಹೊಗೆ ಬಂದರೆ ಕೂಗುವ ಅಲಾರಂನ ಬ್ಯಾಟರಿ ಕಿತ್ತ ಹಾಗೆ ಆಗುತ್ತಿತ್ತು.

ಆಮೇಲೆ ಕೇಳಲೇಬೇಕಾದ್ದು ಕೇಳಿದೆ. 2,000 ಖಾಲಿಯಾದ ಮೇಲೆ ದುಡ್ಡು ಎಲ್ಲಿಂದ ಬಂತು? ಗಂಡ-ಹೆಂಡತಿ ಜಂಟಿ ಉಳಿತಾಯದಿಂದ. ಪಲ್ಲವಿಗೆ ಗೊತ್ತಾ? ಇಲ್ಲ. "ಗೆದ್ದು ವಾಪಸ್ ಹಾಕೋಣ ಅಂತಿದ್ದೆ."

ಇಲ್ಲಿಗೆ ವಿಷಯವೇ ಬೇರೆಯಾಯಿತು. ಟೇಬಲ್ ದೊಡ್ಡದಾದ್ದರಿಂದ ಬರುವ ಅಳುಕು ಒಂದು. ಕಳೆದದ್ದನ್ನು ಅಟ್ಟಿಸಿಕೊಂಡು ಹೋಗುವುದು, ಮನೆಯವರಿಂದ ಮುಚ್ಚಿಡುವುದು ಇನ್ನೊಂದು. ಎರಡನೆಯದು ಜೂಜಿನ ಚಟದ ಗುರುತು. ಚಟವೇ ಅಂತ ನಾನು ತೀರ್ಪು ಕೊಡಲಿಲ್ಲ, ಆದರೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಅವರಿಗೆ ಸಿಟ್ಟು ಬಂತು. "ಪೋಕರ್ ಸ್ಕಿಲ್ ಗೇಮು ಮೇಡಂ" ಅಂದರು. ಇರಬಹುದು, ಆದರೆ ಬೆಳಗಿನ ಜಾವ ಸೋತ ಸಿಟ್ಟಲ್ಲಿ ತೆರೆದ ಟೇಬಲ್‌ನಲ್ಲಿ ಯಾವ ಸ್ಕಿಲ್ ಇತ್ತು ಅಂತ ಕೇಳಿದೆ.

ಕೊಟ್ಟ ಸಲಹೆ ಹೀಗಿತ್ತು. ಮೊದಲು ಒಂದು ತಿಂಗಳು ಆಟ ಪೂರ್ತಿ ಬಂದ್. ಅದೇ ಆಗದಿದ್ದರೆ ಚಟವಾ ಅಲ್ಲವಾ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಆಗ ಗ್ಯಾಮ್‌ಸ್ಟಾಪ್‌ನಲ್ಲಿ, ಅಂದರೆ ಆನ್‌ಲೈನ್ ಜೂಜಿಗೆ ತನಗೆ ತಾನೇ ತಡೆ ಹಾಕಿಸಿಕೊಳ್ಳುವ ಬ್ರಿಟನ್ನಿನ ವ್ಯವಸ್ಥೆಯಲ್ಲಿ, ಹೆಸರು ಕೊಡಬೇಕು. ಅದರಲ್ಲಿ ಕನಿಷ್ಠ ಆರು ತಿಂಗಳು ಅಲ್ಲಿನ ಲೈಸೆನ್ಸ್ ಇರುವ ಯಾವ ಸೈಟೂ ಒಳಗೆ ಬಿಡುವುದಿಲ್ಲ. ಬ್ಯಾಂಕ್ ಆ್ಯಪ್‌ನಲ್ಲೂ ಜೂಜಿನ ಪಾವತಿಗೆ ತಡೆ ಹಾಕಬೇಕು. ತಿಂಗಳು ಸಲೀಸಾಗಿ ಕಳೆದರೂ ವಾಪಸ್ 50 ಪೌಂಡ್ ಟೇಬಲ್‌ಗೇ, ಸೈಟ್‌ನಲ್ಲಿ ಡಿಪಾಸಿಟ್ ಮಿತಿ ಹಾಕಿಯೇ. ಆ ಮಿತಿ ಏರಿಸಬೇಕೆಂದರೆ ಅಲ್ಲಿ ಕನಿಷ್ಠ 24 ಗಂಟೆ ಕಾಯಬೇಕು. ಟಿಲ್ಟ್ ಇಳಿಯಲು ಅಷ್ಟು ಹೊತ್ತು ಸಾಕು. ದಿನಕ್ಕೆ ಎರಡು ಸಲ ಕೂರುವಷ್ಟು ದುಡ್ಡು ಹೋದರೆ ಲ್ಯಾಪ್‌ಟಾಪ್ ಮುಚ್ಚುವುದು. ಇದನ್ನು ಕೂರುವ ಮುಂಚೆಯೇ ಕಾಗದದಲ್ಲಿ ಬರೆದಿಡಬೇಕು, ಸೋತ ಮೇಲೆ ತೀರ್ಮಾನ ಮಾಡುವವರು ಬೇರೆಯೇ ಮನುಷ್ಯ. ಮೇಲೆ ಹೋಗುವ ಮಾತು ಆಮೇಲೆ. ಹೋದರೂ ಒಂದೇ ಮೆಟ್ಟಿಲು.

ಕೆಳಗಿಳಿಯುವುದು ಅವಮಾನ ಅಂತ ಅವರಿಗೆ ತುಂಬ ಅನ್ನಿಸಿತ್ತು. ಯಾರ ಎದುರು ಅವಮಾನ ಅಂತ ಕೇಳಿದರೆ ಹೇಳಲು ಒಬ್ಬರ ಹೆಸರೂ ಬರಲಿಲ್ಲ. ನಕ್ಕುಬಿಟ್ಟರು.

ಇಲ್ಲಿರುವ ಯಾರಿಗಾದರೂ ಇದೇ ಪಾಡಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೇ ಅಂತ ಶಟ್ ಕ್ಲಿನಿಕ್ ಇದೆ.

ವಿನಯ್ ತಿಂಗಳು ಆಡದೆ ಕಳೆದಿದ್ದಾರೆ. ಪಲ್ಲವಿಗೆ ಉಳಿತಾಯದ ವಿಷಯ ಹೇಳಿದ್ದಾರೆ, ಮೊತ್ತ ಎಷ್ಟು ಅಂತ ಇನ್ನೂ ಪೂರ್ತಿ ಹೇಳಿಲ್ಲ. ಮುಂದಿನ ಕಾಲ್‌ಗೆ ಇಬ್ಬರೂ ಕೂರುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡೇ ಬನ್ನಿ ಅಂದಿದ್ದೇನೆ.