ಕ್ರೇನ್ ಸಿಮ್ಯುಲೇಟರ್‌ನಲ್ಲಿ ಕಲಿತದ್ದು ಬಂದರಿನ ಕೆಲಸಕ್ಕೆ ಬರುತ್ತಾ?

ಹಡಗಿನಿಂದ ಕಂಟೇನರ್ ಇಳಿಸುವ ಕ್ರೇನ್ ಕಲಿಯೋಕೆ ಸೇರಿದ್ದೀರಿ. ಆದರೆ ಕ್ರೇನ್ ಹತ್ತಿಸದೆ ವಾರಗಟ್ಟಲೆ ಸಿಮ್ಯುಲೇಟರ್ ಮುಂದೆ ಕೂರಿಸಿದ್ದಾರೆ, ವಿಡಿಯೋ ಗೇಮ್ ಆಡಿದ ಹಾಗಿದೆ, ಇದರಿಂದ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಾನೂ ಹಾಗೇ ಕಲಿತವನು, ಈಗ ಹೊಸಬರಿಗೆ ಕಲಿಸುತ್ತೇನೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ತೂಗಾಟ ನಿಲ್ಲಿಸುವುದು. ಟ್ರಾಲಿ, ಅಂದರೆ ಹಗ್ಗಗಳನ್ನು ಹೊತ್ತು ಕ್ರೇನ್ ತೋಳಿನ ಮೇಲೆ ಓಡಾಡುವ ಗಾಡಿ, ಹೊರಟಾಗ ಕೆಳಗೆ ನೇತಾಡುವ ಪೆಟ್ಟಿಗೆ ಹಿಂದೆ ಉಳಿಯುತ್ತದೆ. ಟ್ರಾಲಿ ನಿಂತರೆ ಅದು ಮುಂದಕ್ಕೆ ಹೋಗುತ್ತದೆ. ಹೊಸಬರು ಗಾಬರಿಯಾಗಿ ಜಾಯ್‌ಸ್ಟಿಕ್ ಹಿಂದಕ್ಕೆ ಎಳೆಯುತ್ತಾರೆ, ತೂಗಾಟ ಇನ್ನೂ ಜಾಸ್ತಿಯಾಗುತ್ತದೆ. ಮಾಡಬೇಕಾದ್ದು ಇದಕ್ಕೆ ಉಲ್ಟಾ. ಪೆಟ್ಟಿಗೆ ಮುಂದಕ್ಕೆ ಹೋಗಿ ತುದಿ ಮುಟ್ಟುವ ಹೊತ್ತಿಗೆ ಟ್ರಾಲಿಯನ್ನೂ ಮುಂದಕ್ಕೆ ತಂದು ಸರಿಯಾಗಿ ಅದರ ನೆತ್ತಿಯ ಮೇಲೆ ನಿಲ್ಲಿಸಬೇಕು. ಹಗ್ಗ 25 ಮೀಟರ್ ಬಿಟ್ಟಿದ್ದರೆ ಪೆಟ್ಟಿಗೆ ಒಮ್ಮೆ ಹೋಗಿ ಬರೋಕೆ ಸುಮಾರು 10 ಸೆಕೆಂಡ್ ಬೇಕು. 9 ಮೀಟರ್‌ಗೆ ಎಳೆದುಕೊಂಡರೆ 6 ಸೆಕೆಂಡ್. ಪೆಟ್ಟಿಗೆ ಖಾಲಿ ಇರಲಿ, 30 ಟನ್ ಇರಲಿ, ಲೆಕ್ಕ ಅದೇ. ಹಗ್ಗದ ಉದ್ದ ಬದಲಾದ ಹಾಗೆ ಕೈಯೂ ತಾನಾಗಿ ಬದಲಾಗಬೇಕು. ಅದು ನೂರಾರು ಸಲ ತಪ್ಪಿದ ಮೇಲೇ ಬರುವುದು. ನಿಜವಾದ ಹಡಗಿನ ಮೇಲೆ ಅಷ್ಟು ಸಲ ತಪ್ಪೋಕೆ ಯಾರು ಬಿಡ್ತಾರೆ? ತೂಗಾಟವನ್ನು ತಾನೇ ತಡೆಯುವ ವ್ಯವಸ್ಥೆ ಈಗ ಎಷ್ಟೋ ಕ್ರೇನ್‌ಗಳಲ್ಲಿದೆ. ನಿಮ್ಮ ಸಿಮ್ಯುಲೇಟರ್‌ನಲ್ಲೂ ಇದ್ದರೆ ಆಫ್ ಮಾಡಿಸಿಕೊಂಡೇ ಕಲಿಯಿರಿ.

ಇನ್ನೊಂದು, ಅಪಾಯ. ತರಬೇತಿಯಲ್ಲಿ ಒಂದು ದಿನ ಲಾರಿ ಮೇಲಿನ ಕಂಟೇನರ್ ಎತ್ತುತ್ತಿದ್ದೆ. ಕಂಟೇನರನ್ನು ಮೇಲಿನಿಂದ ಹಿಡಿಯುವ ಚೌಕಟ್ಟು, ಅಂದರೆ ಸ್ಪ್ರೆಡರ್, ಕೂತಿತು, ಲಾಕ್ ಆದ ದೀಪವೂ ಬಂತು. ಅವಸರದಲ್ಲಿ ಒಂದೇ ಸಮನೆ ಮೇಲೆಳೆದೆ. ಟ್ರೈಲರ್‌ನ ಒಂದು ಮೂಲೆಯಲ್ಲಿ ಕಂಟೇನರನ್ನು ಲಾರಿಗೆ ಬಿಗಿಯುವ ಟ್ವಿಸ್ಟ್ ಲಾಕ್ ಬಿಚ್ಚದ ಹಾಗೆ ಟ್ರೈನರ್ ಮೊದಲೇ ಸೆಟ್ ಮಾಡಿದ್ದರು. ಹಿಂದಿನ ಚಕ್ರಗಳು ನೆಲ ಬಿಟ್ಟು, ಲಾರಿಯೇ ಓರೆಯಾಗಿ ಮೇಲೆದ್ದಿತು. "ಒಳಗೆ ಡ್ರೈವರ್ ಇದ್ದಾನೆ" ಅಂದರು ಅವರು, ಅಷ್ಟೇ. ಪರದೆಯ ಮೇಲಿನ ಲಾರಿ ಅಂತ ಗೊತ್ತಿದ್ದರೂ ಕೈ ನಡುಗಿತು. ಅವತ್ತಿನಿಂದ ಇವತ್ತಿನವರೆಗೂ ಸ್ವಲ್ಪ ಎತ್ತಿ, ಒಂದಡಿ ಆಗುವ ಮೊದಲೇ ನಿಲ್ಲಿಸುತ್ತೇನೆ. ನಾಲ್ಕೂ ಮೂಲೆ ಬಿಟ್ಟಿದೆಯಾ ನೋಡುತ್ತೇನೆ. ಆಮೇಲೇ ಮೇಲೆ.

ಸಿಮ್ಯುಲೇಟರ್ ಕೊಡದ ಸಂಗತಿಗಳೂ ಇವೆ. ಕುರ್ಚಿ ಎಷ್ಟೇ ಅಲುಗಾಡಿದರೂ ಪರದೆಯಲ್ಲಿ ಆಳ ಸರಿಯಾಗಿ ತಿಳಿಯುವುದಿಲ್ಲ. ಪೆಟ್ಟಿಗೆ ಇನ್ನೂ ಎಷ್ಟು ಇಳಿಯಬೇಕು ಅನ್ನುವ ಅಂದಾಜು ನಿಜವಾದ ಕ್ರೇನ್‌ನಲ್ಲೇ ಬರುವುದು. ಆಪರೇಟರ್ ಕೂರುವ ಕ್ಯಾಬಿನ್ನಿನ ಗಾಜಿನ ನೆಲದ ಮೂಲಕ ಗಂಟೆಗಟ್ಟಲೆ ಬಗ್ಗಿ ನೋಡಿದಾಗ ಕತ್ತು, ಸೊಂಟ ಎಷ್ಟು ನೋಯುತ್ತೆ ಅನ್ನುವುದೂ ಅಲ್ಲೇ ಗೊತ್ತಾಗುವುದು. ಎತ್ತರದ ಭಯವಂತೂ ಸರಿಯೇ ಸರಿ.

ಹಾಗಾಗಿ ಈಗ ಸಿಕ್ಕಿರುವ ದಿನಗಳಲ್ಲಿ ಸುಲಭದ ಪಾಠವನ್ನೇ ಸುಮ್ನೆ ತಿರುಗಿಸಬೇಡಿ. ರಾತ್ರಿ, ಮಳೆ, ಅಡ್ಡಗಾಳಿ ಹಾಕಿಕೊಡಿ ಅಂತ ಕೇಳಿ. ಹಡಗಿನ ಒಳಗೆ ಪೆಟ್ಟಿಗೆ ನೇರ ಇಳಿಯೋಕೆ ಇರುವ ನೆಟ್ಟನೆಯ ಹಳಿಗಳ ನಡುವೆ ಪೆಟ್ಟಿಗೆ ಸಿಕ್ಕಿಕೊಳ್ಳುವ ಪಾಠವನ್ನು ಎರಡು ಮೂರು ಸಲ ಮಾಡಿ. ಕ್ರೇನ್ ಹತ್ತುವ ಮೊದಲ ದಿನ ಏನನ್ನೂ ಎತ್ತಬೇಡಿ. ಹಳೇ ಆಪರೇಟರ್ ಪಕ್ಕದಲ್ಲಿ ನಿಂತು, ಆ ಗಾಜಿನ ಮೂಲಕ ಅವರ ಪೆಟ್ಟಿಗೆ ಇಳಿಯುವುದನ್ನೇ ಒಂದು ಶಿಫ್ಟ್ ಪೂರ್ತಿ ನೋಡಿ.