ತೆರೆಯದ ಫೈಲಿನೊಳಗೆ ಉಳಿದ ಪದಗಳು

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ನಿವೃತ್ತ ಶಿಕ್ಷಕ. ನಮ್ಮ ಭಾಗದ ಹಿರಿಯ ಹೆಣ್ಣುಮಕ್ಕಳು ಹಾಡುತ್ತಿದ್ದ ಬೀಸುವ ಪದ, ಸೋಬಾನ ಪದಗಳನ್ನು ಬರೆದುಕೊಂಡು, 2009ರಲ್ಲಿ ಗಂಗಾವತಿಯ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೆ. ಈಗ ಮಗಳ ಲ್ಯಾಪ್‌ಟಾಪಿನಲ್ಲಿ ಕೆಲವು ಫೈಲುಗಳು ತೆರೆಯುತ್ತಲೇ ಇಲ್ಲ. ಉಳಿದವು ತೆರೆದರೂ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಏನು ಮಾಡಲಿ?

ಉತ್ತರ: ಗುರುಗಳೇ, ಮೊದಲು ಪೆನ್‌ಡ್ರೈವ್‌ನಲ್ಲಿರುವುದೆಲ್ಲವನ್ನೂ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ಮೂಲವನ್ನು ತೆಗೆದಿಡಿ. ಮುಂದಿನ ಪ್ರಯತ್ನಗಳೆಲ್ಲ ನಕಲಿನ ಮೇಲೆಯೇ ನಡೆಯಲಿ. ಫಾರ್ಮ್ಯಾಟ್ ಮಾಡಬೇಕೇ ಎಂದು ಕಂಪ್ಯೂಟರ್ ಕೇಳಿದರೆ ದಯವಿಟ್ಟು ಒಪ್ಪಬೇಡಿ.

ತೆರೆದರೂ ಓದಲಾಗದ ಫೈಲುಗಳು ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಆ ಕಾಲದ ಡಿಟಿಪಿ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ನುಡಿ, ಬರಹ ಮುಂತಾದ ಫಾಂಟುಗಳಲ್ಲಿ, ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ಆದ್ದರಿಂದ ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದವು ಆ ಫಾಂಟ್ ಇಲ್ಲದ ಕಡೆ ದೊಡ್ಡ ‘ಪಿ’ಯಿಂದ ಆರಂಭವಾಗಿ, ನಡುವೆ ಪೌಂಡ್ ಹಣದ ಚಿಹ್ನೆ ಮತ್ತು ತಲೆಯ ಮೇಲೆ ಓರೆಗೀರು ಹೊತ್ತ ‘ಎ’ಗಳೊಂದಿಗೆ ಕಾಣಿಸುತ್ತದೆ. ನಿಮ್ಮಲ್ಲಿಯೂ ಇಂಥದೇ ಕಂಡರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಹಾಕಿಸಿ, ಪಠ್ಯವನ್ನೆಲ್ಲ ಆಯ್ದು ‘ನುಡಿ 01 ಇ’ ಫಾಂಟ್ ಕೊಟ್ಟು ನೋಡಿ. ಪದಗಳು ಕಂಡ ಮೇಲೆ, ವಿಶೇಷ ಫಾಂಟಿನ ಹಂಗಿಲ್ಲದೆ ಈಗಿನ ಕಂಪ್ಯೂಟರುಗಳಲ್ಲಿ ಓದಬಹುದಾದ ಸಂಕೇತ ಪದ್ಧತಿಯಾದ ಯುನಿಕೋಡ್‌ಗೆ ಪರಿವರ್ತಿಸಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಕಲಸಿಹೋಗುವುದುಂಟು, ಆದಕಾರಣ ನಿಮ್ಮ ಕೈಬರಹದ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ತಾಳೆ ನೋಡುವುದು ಅಗತ್ಯ.

ಇನ್ನು ತೆರೆಯದೇ ಇರುವವು. ಗಾತ್ರ ಸೊನ್ನೆ ಬೈಟ್ ಎಂದಿದ್ದರೆ ಆ ಫೈಲಿನಲ್ಲಿ ಏನೂ ಇಲ್ಲ. ಅದರ ಇನ್ನೊಂದು ಪ್ರತಿಯನ್ನೇ ಹುಡುಕಬೇಕಾಗುತ್ತದೆ. ಗಾತ್ರವಿದ್ದರೆ ವರ್ಡ್‌ನಲ್ಲಿ ಫೈಲನ್ನು ಆಯ್ದು, ‘ಓಪನ್’ ಗುಂಡಿಯ ಪಕ್ಕದ ಬಾಣದಲ್ಲಿರುವ ‘ಓಪನ್ ಆ್ಯಂಡ್ ರಿಪೇರ್’ ಪ್ರಯತ್ನಿಸಿ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್, ವರ್ಡ್ ಕೈಬಿಟ್ಟ ಹಳೆಯ ಫೈಲುಗಳನ್ನು ಕೆಲವೊಮ್ಮೆ ತೆರೆಯುತ್ತದೆ.

ಎರಡೂ ಸೋತರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ತೆರೆಯುವಾಗ ಎನ್‌ಕೋಡಿಂಗ್ ಎಂಬಲ್ಲಿ ‘ಆನ್ಸಿ’ ಇರಲಿ. ಮೊದಲ ಎರಡು ಅಕ್ಷರ ‘ಪಿಕೆ’ ಆಗಿದ್ದರೆ ಅದು ವರ್ಡ್ 2007ರಿಂದ ಬಂದ ಡಾಕ್ಸ್ ಬಗೆಯದು, ಅಂದರೆ ಒಳಗಿನಿಂದ ಹಲವು ಫೈಲುಗಳನ್ನು ಒಟ್ಟುಗೂಡಿಸಿದ ಜಿಪ್ ಕಟ್ಟು. ನಕಲಿನ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ‘ವರ್ಡ್’ ಫೋಲ್ಡರಿನ ‘ಡಾಕ್ಯುಮೆಂಟ್’ ಎಂಬ ಫೈಲಿನಲ್ಲಿ ಪಠ್ಯವಿರುತ್ತದೆ. ಹಳೆಯ ಡಾಕ್ ಬಗೆಯದಾಗಿದ್ದರೆ, ಚೌಕುಳಿ ಮತ್ತು ಗುರುತುಗಳ ರಾಶಿಯ ನಡುವೆ ಅದೇ ಪೌಂಡ್ ಚಿಹ್ನೆ, ಓರೆಗೀರಿನ ‘ಎ’ಗಳ ಉದ್ದನೆಯ ಸಾಲುಗಳನ್ನು ಹುಡುಕಿ. ನೀವು ಅರ್ಥವಿಲ್ಲವೆಂದುಕೊಂಡ ಆ ಅಕ್ಷರಗಳೇ ನಿಮ್ಮ ಸೋಬಾನ ಪದಗಳು. ಸಾಲುಗಳನ್ನು ನಕಲಿಸಿ ವರ್ಡ್‌ಗೆ ತಂದು ನುಡಿ ಫಾಂಟ್ ಕೊಡಿ.