ರಾಯಚೂರಿನ ಬಿಸಿಲಿಗೆ ಚಿಕ್ಕ ಗೇಮಿಂಗ್ ಪಿಸಿ ಆಗುತ್ತಾ? ಯಾವ ಕ್ಯಾಬಿನೆಟ್ ತೆಗೆದುಕೊಳ್ಳಲಿ?

ನೀವು ಕೇಳಿದ್ದು ಇಷ್ಟು. ರಾಯಚೂರಿನಲ್ಲಿ ಗಂಜ್ ಹತ್ತಿರ ಮನೆ, ಮೇಲಿನ ಮಹಡಿಯಲ್ಲಿ ರೂಮು, ಎಸಿ ಇಲ್ಲ. ಟೇಬಲ್ ಚಿಕ್ಕದು, ದೊಡ್ಡ ಟವರ್ ಬೇಡ. ಹತ್ತು ಲೀಟರ್ ಗಾತ್ರದ ಚಂದದ ಕ್ಯಾಬಿನೆಟ್ ಒಂದು ಕಣ್ಣಿಗೆ ಬಿದ್ದಿದೆ. ನಮ್ಮ ಕಡೆಯ ಬಿಸಿಲಿಗೆ ಅದು ತಡೆಯುತ್ತಾ?

ನಾನು ಬಳ್ಳಾರಿಯವನು. ನನ್ನದೂ ಮೇಲಿನ ಮಹಡಿ, ತಲೆಯ ಮೇಲೆ ಬರೀ ಆರ್‌ಸಿಸಿ. ಇಲ್ಲಿಯವರೆಗೆ ಎರಡು ಚಿಕ್ಕ ಪಿಸಿ ಕಟ್ಟಿದ್ದೇನೆ. ಮೊದಲನೆಯದು ಹನ್ನೊಂದು ಲೀಟರಿನದು, ಒಂದೇ ಬೇಸಿಗೆ ನೋಡಿ ಅದರ ಕ್ಯಾಬಿನೆಟ್ ಮಾರಿಬಿಟ್ಟೆ. ಎರಡನೆಯದು ಹದಿನೆಂಟು ಲೀಟರಿನದು, ಈಗಲೂ ಟೇಬಲ್ ಮೇಲಿದೆ. ಚಿಕ್ಕ ಪಿಸಿ ಖಂಡಿತ ಆಗುತ್ತದೆ. ಆದರೆ ಆ ಹತ್ತು ಲೀಟರಿನದು ಬೇಡ ಅನ್ನುವುದು ನನ್ನ ಮಾತು.

ಕಾರಣ ಹೇಳುತ್ತೇನೆ. ವಿಡಿಯೋಗಳಲ್ಲಿ ನಾವು ನೋಡುವ ಟೆಸ್ಟ್‌ಗಳು ಹೆಚ್ಚಾಗಿ ತಂಪು ದೇಶಗಳಲ್ಲೋ ಎಸಿ ರೂಮಿನಲ್ಲೋ ಮಾಡಿದವು. ರೂಮು 22 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 72 ಡಿಗ್ರಿ ಅಂದರೆ ಕಾರ್ಡು ರೂಮಿಗಿಂತ 50 ಡಿಗ್ರಿ ಜಾಸ್ತಿ ಬಿಸಿ ಇದೆ ಎಂದು ಅರ್ಥ. ಫ್ಯಾನ್‌ಗೆ ತಂಪು ಮಾಡುವ ಶಕ್ತಿ ಇಲ್ಲ, ರೂಮಿನಲ್ಲಿರುವ ಗಾಳಿಯನ್ನೇ ಅದು ಒಳಗೆ ತಳ್ಳುವುದು. ಏಪ್ರಿಲ್‌ನಲ್ಲಿ ಮಧ್ಯಾಹ್ನ ನಿಮ್ಮ ರೂಮು 38 ಇದ್ದರೆ ಅದೇ ಕಾರ್ಡು ಲೆಕ್ಕದ ಪ್ರಕಾರ 88ಕ್ಕೆ ಹೋಗಬೇಕು. ಅಷ್ಟು ಹೋಗುವ ಮೊದಲೇ ಅದು ತನ್ನ ವೇಗ ಇಳಿಸಿಕೊಳ್ಳುತ್ತದೆ, ಫ್ಯಾನ್ ಜೋರಾಗಿ ಕೂಗಲು ಶುರು ಮಾಡುತ್ತದೆ. ಆದ್ದರಿಂದ ಯಾವ ರಿವ್ಯೂ ನೋಡಿದರೂ ಅಲ್ಲಿನ ಅಂಕಿಗೆ ಹದಿನೈದು ಕೂಡಿಸಿ ನೋಡಿ. ಅದು ನಮ್ಮೂರಿನ ಅಂಕಿ. ಲಿಕ್ವಿಡ್ ಕೂಲರ್ ಹಾಕಿದರೂ ಇದು ತಪ್ಪುವುದಿಲ್ಲ, ಆ ನೀರೂ ರೂಮಿಗಿಂತ ತಣ್ಣಗಾಗಲು ಸಾಧ್ಯವಿಲ್ಲ ಅಲ್ವಾ?

ನನ್ನ ಮೊದಲ ಕ್ಯಾಬಿನೆಟ್ ಸ್ಯಾಂಡ್‌ವಿಚ್ ಮಾದರಿಯದು. ಮಧ್ಯದಲ್ಲಿ ಒಂದು ತಗಡು, ಒಂದು ಕಡೆ ಮದರ್‌ಬೋರ್ಡ್, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡ್, ಎರಡನ್ನೂ ಸೇರಿಸಲು ರೈಸರ್ ಕೇಬಲ್. ಕಾರ್ಡು ಪಕ್ಕದ ಜಾಲರಿಯಿಂದ ನೇರವಾಗಿ ಗಾಳಿ ಎಳೆಯುತ್ತದೆ, ಅದು ಒಳ್ಳೆಯದೇ. ಆದರೆ ಬೋರ್ಡಿನ ಕಡೆ ಜಾಗ ಕಡಿಮೆ. ಅದರಲ್ಲಿ ಸಿಪಿಯು ಕೂಲರ್ 55 ಮಿಮೀ ಮೀರುವಂತಿರಲಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಹಿಡಿಸುತ್ತೆ ಎಂದು ಕೊಟ್ಟ ಕೂಲರ್ 58 ಮಿಮೀ ಇತ್ತು. ಮೂರು ಮಿಲಿಮೀಟರಿಗಾಗಿ ಮತ್ತೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬದಲಿಸಿಕೊಂಡು ಬಂದೆ. ಚಳಿಗಾಲದಲ್ಲಿ ಎಲ್ಲ ಚೆನ್ನಾಗಿತ್ತು. ಮಾರ್ಚ್ ಕೊನೆಗೆ ರೈಜನ್ ಸಿಪಿಯು ತನ್ನ ಮಿತಿಯಾದ 95 ಡಿಗ್ರಿಗೆ ಹೋಗಿ ಅಲ್ಲೇ ನಿಂತಿತು. ಮೇ ತಿಂಗಳಲ್ಲಿ ರಾತ್ರಿ ಹತ್ತರ ಮೇಲೆ ಮಾತ್ರ ಆಟ ಆಡುವ ಹಾಗಾಯಿತು.

ಲೀಟರ್ ಎಂದರೆ ಎಷ್ಟು ದೊಡ್ಡದು ಎಂದು ಕಣ್ಣಿಗೆ ಕಾಣಬೇಕು. ಮನೆಗೆ ತರಿಸುವ ನೀರಿನ ಕ್ಯಾನ್ ಇಪ್ಪತ್ತು ಲೀಟರ್. ನಾನು ಈಗ ಇಟ್ಟುಕೊಂಡಿರುವುದು ಕೂಲರ್ ಮಾಸ್ಟರ್‌ನ ಎನ್‌ಆರ್200, 2020ರಲ್ಲಿ ಬಂದ ಮಾದರಿ. ಉದ್ದ 36, ಅಗಲ 18.5, ಎತ್ತರ 27.4 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 18.25 ಲೀಟರ್. ಅಂದರೆ ನೀರಿನ ಕ್ಯಾನಿಗಿಂತ ಸ್ವಲ್ಪ ಚಿಕ್ಕದು. ಸಾಮಾನ್ಯ ಟವರ್ ಇದರ ಎರಡೂವರೆ ಪಟ್ಟು ಇರುತ್ತದೆ. ನಿಮ್ಮ ಟೇಬಲ್ ಮೇಲೆ ಒಂದು ಕ್ಯಾನ್ ಇಟ್ಟು ನೋಡಿ. ಅದು ಹಿಡಿಸಿದರೆ ಹತ್ತು ಲೀಟರಿಗೆ ಇಳಿಯುವ ಅಗತ್ಯವೇ ಇಲ್ಲ.

ಈ ಎಂಟು ಲೀಟರ್ ಜಾಸ್ತಿಯಿಂದ ಸಿಗುವುದು ಬಹಳ. 150 ಮಿಮೀ ಎತ್ತರದ ಟವರ್ ಕೂಲರ್ ಹಿಡಿಸುತ್ತದೆ. 330 ಮಿಮೀ ಉದ್ದದ ಕಾರ್ಡ್ ಕೂರುತ್ತದೆ, ರೈಸರ್ ಕೇಬಲ್ ಬೇಕಾಗಿಲ್ಲ. ತಳದಲ್ಲಿ ಎರಡು 120 ಮಿಮೀ ಫ್ಯಾನ್ ಹಾಕಿದರೆ ಅವು ತಾಜಾ ಗಾಳಿಯನ್ನು ನೇರವಾಗಿ ಕಾರ್ಡಿನ ಮುಖಕ್ಕೆ ಊದುತ್ತವೆ, ಮೇಲಿನ ಎರಡು ಫ್ಯಾನ್ ಬಿಸಿ ಗಾಳಿಯನ್ನು ಹೊರಗೆ ಹಾಕುತ್ತವೆ. ಕಾರ್ಡು ಎರಡು ಸ್ಲಾಟಿಗಿಂತ (ಹಿಂಬದಿಯ ಪಟ್ಟಿ ಜಾಗಗಳಿಗಿಂತ) ದಪ್ಪಗಿದ್ದರೆ ತಳಕ್ಕೆ 15 ಮಿಮೀ ಸ್ಲಿಮ್ ಫ್ಯಾನ್ ತನ್ನಿ. ಗಾಜಿನ ಪ್ಯಾನಲ್ ಬೇಡವೇ ಬೇಡ, ಜಾಲರಿಯದೇ ಇರಲಿ.

ದುಡ್ಡಿನ ಮಾತು. ಇಂಥ ಕ್ಯಾಬಿನೆಟ್‌ಗೆ ಮಿನಿ ಐಟಿಎಕ್ಸ್ ಬೋರ್ಡ್ ಬೇಕು, ಅದು 17 ಸೆಂಟಿಮೀಟರ್ ಚೌಕ. ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಕೊಡುವ ಡಬ್ಬಿ ಕೂಡ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯದೇ ಆಗಬೇಕು. ಎರಡೂ ದೊಡ್ಡ ಅಳತೆಯವಕ್ಕಿಂತ ದುಬಾರಿ, ಮತ್ತು ನಮ್ಮ ಊರುಗಳ ಅಂಗಡಿಯಲ್ಲಿ ಸಾಮಾನ್ಯವಾಗಿ ಇಟ್ಟಿರುವುದಿಲ್ಲ. ನಿಮಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ತರಿಸಬಹುದು. ಬಜೆಟ್ ಬಿಗಿ ಇದ್ದರೆ ಲಿಯಾನ್ ಲಿ ಎ3 ನೋಡಿ. 26 ಲೀಟರ್ ಆಗುತ್ತದೆ, ಆದರೆ ಮಿನಿ ಐಟಿಎಕ್ಸ್‌ಗಿಂತ ದೊಡ್ಡದಾದ ಮೈಕ್ರೋ ಎಟಿಎಕ್ಸ್ ಬೋರ್ಡ್, ಸಾಮಾನ್ಯ ಎಸ್‌ಎಂಪಿಎಸ್ ಎರಡೂ ಹಿಡಿಸುತ್ತವೆ. ಉಳಿದ ಹಣ ಕಾರ್ಡಿಗೆ ಹೋಗುತ್ತದೆ. ಅದನ್ನು ಟೇಬಲ್ ಕೆಳಗೆ ಇಡಬಹುದು ಎಂದಾದರೆ ನಾನು ಅದನ್ನೇ ಹೇಳುತ್ತೇನೆ.

ಒಳಗೆ ಹಾಕುವುದನ್ನೂ ಬಿಸಿಲು ನೋಡಿಯೇ ಆರಿಸಿ. ರೈಜನ್ 5 7600 ಗೇಮಿಂಗಿಗೆ ಧಾರಾಳವಾಗಿ ಸಾಕು, ಕಂಪನಿ ಮಿತಿಯಲ್ಲಿ ಅದು ಎಳೆಯುವುದು ಹೆಚ್ಚೆಂದರೆ 88 ವ್ಯಾಟ್. ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್, 5060 ಆದರೆ 145, 4070 ಆದರೆ 200. ಈ ಪ್ರತಿಯೊಂದು ವ್ಯಾಟ್ ಕೊನೆಗೆ ಬಿಸಿಯಾಗಿ ನಿಮ್ಮ ರೂಮಿಗೇ ಬರುತ್ತದೆ. ಮುಚ್ಚಿದ ಹತ್ತಡಿ ರೂಮಿನಲ್ಲಿ 300 ವ್ಯಾಟ್ ಎಂದರೆ ಒಂದು ಸಣ್ಣ ಹೀಟರ್ ಇಟ್ಟ ಹಾಗೆ. ನನ್ನದು 4070. ಮಾರ್ಚ್‌ನಿಂದ ಜೂನ್‌ವರೆಗೆ ಅದರ ಪವರ್ ಲಿಮಿಟ್ 80 ಪರ್ಸೆಂಟಿಗೆ ಇಳಿಸಿಡುತ್ತೇನೆ, ಫ್ರೇಮ್ ರೇಟ್ ಮಾನಿಟರ್ ತೋರಿಸುವಷ್ಟಕ್ಕೇ ಕಟ್ಟಿಹಾಕುತ್ತೇನೆ. ಆಟ ಆಡುವಾಗ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಫ್ಯಾನ್ ಸದ್ದು ಮಾತ್ರ ಚೆನ್ನಾಗಿ ಇಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ, ದಯವಿಟ್ಟು ಮಾಡಿ.

ಕಟ್ಟುವ ದಿನ ಅವಸರ ಬೇಡ. ಬೋರ್ಡಿನ ರಟ್ಟಿನ ಡಬ್ಬಿಯ ಮೇಲೇ ಸಿಪಿಯು, ರ್‍ಯಾಮ್, ಎಸ್‌ಎಸ್‌ಡಿ, ಕೂಲರ್ ಎಲ್ಲ ಹಾಕಿ, ಹೊರಗೇ ಒಮ್ಮೆ ಆನ್ ಮಾಡಿ ನೋಡಿ. ಕೆಲವು ಐಟಿಎಕ್ಸ್ ಬೋರ್ಡ್‌ಗಳಲ್ಲಿ ಎರಡನೇ ಎಸ್‌ಎಸ್‌ಡಿ ಜಾಗ ಹಿಂಬದಿಗೆ ಇರುತ್ತದೆ. ಬೋರ್ಡ್ ಕೂರಿಸಿದ ಮೇಲೆ ನೆನಪಾದರೆ ಎಲ್ಲ ಬಿಚ್ಚಬೇಕಾಗುತ್ತದೆ. ಆಮೇಲೆ ಎಸ್‌ಎಂಪಿಎಸ್ ಒಳಗೆ ಕೂರಿಸಿ, ಅದರ ಕೇಬಲ್‌ಗಳನ್ನು ಹೋಗಬೇಕಾದ ದಾರಿಯಲ್ಲಿ ಎಳೆದಿಡಿ. ಸಿಪಿಯುಗೆ ಹೋಗುವ 8 ಪಿನ್ ಕೇಬಲ್ ಮೊದಲೇ ಎಳೆಯದಿದ್ದರೆ ಕೂಲರ್ ಸಮೇತ ಬೋರ್ಡ್ ಒಳಗೆ ಕೂತ ಮೇಲೆ ಅಲ್ಲಿಗೆ ಬೆರಳೇ ಹೋಗುವುದಿಲ್ಲ. ಕಾರ್ಡು ಎಲ್ಲಕ್ಕಿಂತ ಕೊನೆಗೆ. ಅದರ ಪವರ್ ಕನೆಕ್ಟರ್ ಹೊಸ 16 ಪಿನ್‌ನದಾಗಿದ್ದರೆ ಟಕ್ ಎಂದು ಪೂರ್ತಿ ಒತ್ತಿ, ಬುಡದಿಂದ 35 ಮಿಮೀ ತನಕ ಕೇಬಲ್ ಬಗ್ಗಿಸಬೇಡಿ. ಮೇಲೆ ಪ್ಯಾನಲ್ ಬಂದು ಅದನ್ನು ಅದುಮುತ್ತಾ ಎಂದೂ ನೋಡಿ. ಇನ್ನೊಂದು ಮಾತು. ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಮನೆಯಲ್ಲಿದೆ ಎಂದು ಹೊಸದಕ್ಕೆ ಸುಮ್ನೆ ಸಿಕ್ಕಿಸಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ವೈರಿನ ಜೋಡಣೆ ಬೇರೆ ಇರಬಹುದು, ಎಸ್‌ಎಸ್‌ಡಿ, ಬೋರ್ಡ್ ಸುಟ್ಟುಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಆ ಸ್ಯಾಂಡ್‌ವಿಚ್ ಕ್ಯಾಬಿನೆಟ್ಟೇ ಬೇಕು ಎಂದಾದರೆ, ರೈಸರ್ ಬಗ್ಗೆ ಒಂದು ವಿಷಯ ಗೊತ್ತಿರಲಿ. ಕಾರ್ಡು, ಬೋರ್ಡ್ ನಡುವಿನ ಸಂಪರ್ಕಕ್ಕೆ ಜೆನ್ 3, ಜೆನ್ 4 ಎಂದು ತಲೆಮಾರುಗಳಿವೆ. ರೈಸರ್ ಜೆನ್ 3ರದು, ಕಾರ್ಡು ಜೆನ್ 4ರದು ಆದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಕಾರ್ಡ್ ಹೋಗಿದೆ ಎಂದು ಹೆದರಬೇಡಿ. 7600ರಲ್ಲೇ ಒಂದು ಸಣ್ಣ ಗ್ರಾಫಿಕ್ಸ್ ಇದೆ. ಕಾರ್ಡ್ ತೆಗೆದು, ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿ, ಬಯೋಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪುಟ) ಕಾರ್ಡಿನ ಸ್ಲಾಟನ್ನು ಜೆನ್ 3 ಎಂದು ಇಡಿ. ನಾನು ಒಂದು ರಾತ್ರಿ ಪೂರ್ತಿ ಹುಡುಕಿ ಕಂಡುಕೊಂಡದ್ದು ಇದು.

ಈಗ ಧೂಳು. ನಮಗೆ ಬಿಸಿಲಿನಷ್ಟೇ ದೊಡ್ಡ ವಿಷಯ ಇದು, ಆದರೆ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ಬಳ್ಳಾರಿಯಲ್ಲಿ ಅದಿರಿನ ಕೆಂಪು ಧೂಳು, ಹಿಟ್ಟಿನ ಹಾಗೆ ನುಣ್ಣಗೆ. ನಿಮ್ಮ ಕಡೆ ಕರಿಮಣ್ಣಿನ ಧೂಳು, ಗಂಜ್ ಹತ್ತಿರ ಇದ್ದೀರಿ ಅಂದರೆ ಸುಗ್ಗಿಯಲ್ಲಿ ಹತ್ತಿಯ ಎಳೆಯೂ ಹಾರುತ್ತದೆ. ಹತ್ತಿ ಎಳೆ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಒಳಗೆ ಊದುವ ಫ್ಯಾನ್‌ಗಳಿಗೆಲ್ಲ ಫಿಲ್ಟರ್ ಇರಲಿ, ಮತ್ತು ಹೊರಗೆ ಹೋಗುವ ಗಾಳಿಗಿಂತ ಒಳಗೆ ಬರುವುದು ಸ್ವಲ್ಪ ಜಾಸ್ತಿ ಇರಲಿ. ಆಗ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ. ಪಕ್ಕದ ಜಾಲರಿಗೆ ನಾನು ಸೊಳ್ಳೆ ಪರದೆಯ ಬಟ್ಟೆ ಕತ್ತರಿಸಿ ಮ್ಯಾಗ್ನೆಟ್ ಪಟ್ಟಿಯಿಂದ ಅಂಟಿಸಿದ್ದೇನೆ. ನುಣುಪು ಧೂಳನ್ನು ಅದು ತಡೆಯುವುದಿಲ್ಲ, ಎಳೆಗಳನ್ನು ಚೆನ್ನಾಗಿ ಹಿಡಿಯುತ್ತದೆ.

ನಾನು ಕೆಲಸ ಮಾಡುವುದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ. ಮಷೀನ್‌ಗಳ ಮೇಲಿನ ದಾರದ ಚೂರು ಊದಲು ಅಲ್ಲಿ ಕೈ ಬ್ಲೋವರ್ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಅದನ್ನೇ ಮನೆಗೆ ತಂದು, ಪಿಸಿಯನ್ನು ಟೆರೇಸ್‌ಗೆ ಒಯ್ದು ಊದುತ್ತೇನೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಎನ್‌ಆರ್200 ಕೆಳಗಿನಿಂದ ಗಾಳಿ ಎಳೆಯುವುದರಿಂದ ಟೇಬಲ್ ಬಟ್ಟೆಯ ಮೇಲೆ ಇಡಬೇಡಿ. ಕಾಲುಗಳ ಕೆಳಗೆ ಎರಡು ಬೆರಳು ಎತ್ತರದ ಮರದ ತುಂಡು ಕೊಟ್ಟರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ನೀರಿನ ಕೂಲರ್ ಹಚ್ಚುತ್ತೀರಲ್ಲ, ಅದು ರೂಮು ತಣ್ಣಗೆ ಮಾಡುವುದರಿಂದ ಪಿಸಿಗೂ ಉಪಕಾರವೇ. ಆದರೆ ಅದರ ಗಾಳಿಗೆ ನೇರ ಎದುರು ಇಡಬೇಡಿ. ಬೋರ್‌ವೆಲ್ ನೀರಿನ ಹನಿ ಒಣಗಿದ ಮೇಲೆ ನನ್ನ ಟೇಬಲ್ ಮೇಲೆ ಬಿಳಿ ಉಪ್ಪು ಉಳಿದಿತ್ತು. ಅದು ಬೋರ್ಡಿನ ಮೇಲೆ ಕೂರುವುದು ಬೇಡ.

ಯಾವ ಕಾರ್ಡ್ ಎಂದು ತೀರ್ಮಾನವಾದ ಮೇಲೆ, ದುಡ್ಡು ಕಟ್ಟುವ ಮೊದಲು, ಅದರ ಉದ್ದ, ದಪ್ಪ ಮತ್ತು ಕೇಬಲ್ ಸೇರಿಸಿದ ಎತ್ತರ ಮೂರನ್ನೂ ಕಂಪನಿಯ ಪುಟದಿಂದ ನೋಡಿ ಇಲ್ಲಿ ಬರೆಯಿರಿ. ಕೂಲರಿನ ಎತ್ತರವನ್ನೂ ಬರೆಯಿರಿ. ಭಾನುವಾರ ನನ್ನ ಕ್ಯಾಬಿನೆಟ್ ತೆಗೆದಿಟ್ಟು ಟೇಪ್ ಹಿಡಿದು ಅಳೆದು ಹೇಳುತ್ತೇನೆ.